ಅಕ್ಕತಂಗಿಯರ ಮನೆಯ ಚಹಾಕೂಟ

ಸ್ಯಾನ್ ರಮೋನ್
೧೯ ಅಕ್ಟೋಬರ್ ೧೯೮೬

ಪ್ರಿಯ ಸತ್ಯಾ,

ಯುಗಾದಿಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಹತ್ತಿರ ಬಂದಾಗ ಉತ್ತರಿಸುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ. ನಾವು ಕ್ಷೇಮ. ಇವರಿಗೆ ಆಫೀಸು, ಫ್ರೀವೇ, ಸೊಂಟನೋವು, ಇಷ್ಟರಲ್ಲೇ ದಿನ ಕಳೆಯುತ್ತದೆ. ನಿಮ್ಮತ್ತೆಯವರ ಕಣ್ಣಿನ ಆಪರೇಷನ್ನು ಏನಾಯಿತು?

ಅರವತ್ತಮೂರರಲ್ಲಿ ಓದಲು ಬಂದಾಗ ಬರ್ಕ್ಲಿಯಲ್ಲಿ ಒಂದು ವರ್ಷ ನಾನಿದ್ದ ಸೊರಾರಿಟಿ ಮನೆ ನೆನಪಿದೆಯೇ? ಕಾಲೇಜು ಹುಡುಗಿಯರು ಸಂಘ ಕಟ್ಟಿಕೊಂಡು, ಒಬ್ಬರನ್ನೊಬ್ಬರು ‘ಸಿಸ್ಟರ್’ ಎಂದು ಕರೆದುಕೊಂಡು ಒಟ್ಟಿಗಿರುವ ಬಂಗಲೆ. ಪರದೇಶದ ಒಬ್ಬ ಹುಡುಗಿಗೆ ಪುಕ್ಕಟೆ ಊಟ, ವಸತಿ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಆ ವರ್ಷದ ಪುಣ್ಯ ನಾನು. ಸೋಮವಾರ ಸಂಜೆ ಅವರ ಸಭೆ. ದೊಡ್ಡ ಹಾಲ್‌ನ ಬಾಗಿಲು ಹಾಕಿಕೊಳ್ಳುವರು. ನಾನು ಅಡುಗೆಮನೆಯಲ್ಲಿ ಕೂತು ಓದಬೇಕು. ಸಿಸ್ಟರ್ ಪಟ್ಟ ನನಗಿರಲಿಲ್ಲ.

ಈಗ ನೋಡು, ‘ಪ್ರೀತಿಯ ಸಿಸ್ಟರ್ ಶೈಲಾ’ ಎಂದು ಅಲ್ಲಿಂದ ಚಹಾಕೂಟಕ್ಕೆ ಆಹ್ವಾನ! ಮನೆಯ ಸೂರು ಸೋರುತ್ತಿದೆಯಂತೆ. ರಿಪೇರಿಗೆ ಹಣ ಎತ್ತುವ ಮೊದಲು ಹಳೆಯ ಹುಡುಗಿಯರ ಮನಸ್ಸು ಹೇಗಿದೆ ಎಂದು ತಿಳಿಯಬೇಕಂತೆ. “ಸುಮ್ನಿರೇ, ಟೈಮ್ ವೇಸ್ಟು” ಅಂದರು ಇವರು. ನಾನು ಧರ್ಮಾವರಂ ಸೀರೆ ಉಟ್ಟೇ ಹೋದೆ.

ಎಲ್ಲರ ಕತ್ತಿನಲ್ಲೂ ಮುತ್ತಿನ ಸರ, ಗಾಳಿಗೂ ಅಲುಗದ ಕೂದಲು. ಒಬ್ಬಳು ಬಂದು ತಬ್ಬಿಕೊಂಡು, “ನಮಗೆಲ್ಲ ಕಾಗದದ ಕೊಕ್ಕರೆ ಮಡಿಸಿ ಕೊಡುತ್ತಿದ್ದವಳು ನೀನೇ ಅಲ್ಲವೇ!” ಎಂದಳು. ಅದು ನನಗಿಂತ ಹಿಂದಿನ ವರ್ಷ ಇದ್ದ ಜಪಾನಿನ ಹುಡುಗಿ. ತಿದ್ದುವ ಗೋಜಿಗೆ ಹೋಗಲಿಲ್ಲ. ಆ ತಲೆಯಲ್ಲಿ ನಮ್ಮಿಬ್ಬರಿಗೂ ಬೇರೆ ಬೇರೆ ಜಾಗ ಇದ್ದಂತೆ ಕಾಣಲಿಲ್ಲ.

ಹಣ ಎತ್ತಿಕೊಡುವುದನ್ನೇ ಕಸುಬು ಮಾಡಿಕೊಂಡ ಸೂಟಿನವನೊಬ್ಬ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದ.

“ಈ ಮನೆಯಲ್ಲಿ ನಿಮಗೆ ತೀರಾ ಆಪ್ತವಾದ ಜಾಗ ಯಾವುದು?”

“ಅಡುಗೆಮನೆ. ಸಭೆಯ ದಿನ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ನಾನು ಸದಸ್ಯೆಯಲ್ಲ.”

“ವಂಡರ್‌ಫುಲ್! ಅಡುಗೆಮನೆಯ ನವೀಕರಣಕ್ಕೆ ನಿಮ್ಮ ಬೆಂಬಲವಿದೆ ಎಂದು ಬರೆದುಕೊಳ್ಳಲೇ?”

“ಬೇಡ. ಇಡೀ ಮನೆ ಕುಸಿದು ಬಿದ್ದರೂ ನನಗೇನೂ ಬೇಜಾರಿಲ್ಲ ಎಂದು ಬರೆದುಕೊಳ್ಳಿ.”

ಜೋಕು ಎಂದುಕೊಂಡು ನಕ್ಕ. ಇಂಥವರಿಗೆ ಅವಮಾನ ಮಾಡುವುದೂ ಸುಲಭವಲ್ಲ ಕಣೇ. ಒಂದು ಕಾಸೂ ಕೊಡುವುದಿಲ್ಲ ಎಂದು ಬಿಡಿಸಿ ಹೇಳಿ ಎದ್ದೆ. ಬಹಳ ಹಗುರವೆನಿಸಿತು.

ಸರಿ, ಅತ್ತೆಯವರಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳು ಚೆನ್ನಾಗಿ ಓದಿ, ನಿನ್ನ ಕಣ್ಣೆದುರೇ ಸುಖವಾಗಿರಲಿ.

ನಿನ್ನ
ಶೈಲಜಾ

ತಾ.ಕ.: ನಮ್ಮ ಮಗಳು ಮೈಥಿಲಿ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ. ಬರ್ಕ್ಲಿಯಲ್ಲೇ ಕಾಲೇಜು, ಎರಡನೇ ವರ್ಷ. ಕಾಲೇಜಿನ ಹಾಸ್ಟೆಲಿನಲ್ಲಿದ್ದೇನೆ ಎಂದು ನಮಗೆ ಹೇಳಿದ್ದಳು. ನಾನು ಆ ಸೂಟಿನವನ ಹತ್ತಿರದಿಂದ ಎದ್ದು ಬಂದಾಗ, ಚಹಾ ಕೊಡುತ್ತಿದ್ದ ಹುಡುಗಿಯರ ನಡುವೆ ಅವಳೂ ಇದ್ದಳು. ಎದೆಯ ಮೇಲೆ ಸಂಘದ ಪಿನ್ನು. ಜೊತೆಯವಳು ‘ಮಿಲ್ಲಿ’ ಎಂದು ಕರೆಯುತ್ತಿದ್ದಳು. ನನ್ನನ್ನು ಕಂಡು ಮೈಥಿಲಿಯ ಮುಖ ಬಿಳಿಚಿಕೊಂಡಿತು. ಆಮೇಲೆ, “ಮಿಲ್ಕ್ ಆರ್ ಲೆಮನ್, ಮ್ಯಾಮ್?” ಅಂದಳು.

ಜೊತೆಯವಳು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದಳು.

ನಾನು “ಲೆಮನ್” ಅಂದೆ. ಚಹಾದ ಕಪ್ ಕೈಗೆ ಬಂದ ಮೇಲೆ “ಥ್ಯಾಂಕ್ ಯೂ, ಮಿಲ್ಲಿ” ಅಂದೆ. ಇವರಿಗೆ ಇನ್ನೂ ಹೇಳಿಲ್ಲ.