ಅಜ್ಜನ ಕಾರು, ಯಾರದೋ ಇಂಜಿನ್

ಮನೆಯ ಹಿಂದಿನ ಶೆಡ್ಡು,
ಭಾನುವಾರ, ಮಧ್ಯಾಹ್ನ

ನಾಲ್ಕು ಚಕ್ರಗಳ ಏಕೈಕ ಅಧಿಪತಿಗಳೂ, ಒಂದೇ ಹಾರನ್ನಿನಿಂದ ಎಮ್ಮೆ, ಲಾರಿ, ಅಳಿಯ ಮೂವರನ್ನೂ ದಾರಿ ಬಿಡಿಸಿದ ಪರಾಕ್ರಮಿಗಳೂ, ಸದ್ಯಕ್ಕೆ ಮಗಳ ಮನೆಯ ಆರಾಮಕುರ್ಚಿಯಲ್ಲಿ ವಿರಾಜಮಾನರೂ ಆದ ಪೂಜ್ಯ ಅಜ್ಜನವರ ಪಾದಗಳಲ್ಲಿ, ಮುಖ್ಯವಾಗಿ ಬಲಪಾದದಲ್ಲಿ, ಮೊಮ್ಮಗನ ಸಾಷ್ಟಾಂಗ ವಿಜ್ಞಾಪನೆ. ಇನ್ನು ಬಹುವಚನ ಸಾಕು ಅಜ್ಜಾ, ಕೈ ನೋಯುತ್ತದೆ.

ಆ ಬಲಗಾಲು ಹೇಗಿದೆ? ಆಪರೇಷನ್ ಆದ ಮೇಲೆ ಹಿಡಿದ ಜೋಮು ಸ್ವಲ್ಪವಾದರೂ ಇಳಿಯಿತೇ? ವ್ಯಾಯಾಮ ದಿನವೂ ಮಾಡುತ್ತೀಯೋ, ಇಲ್ಲ ಅತ್ತೆಯ ಚಪ್ಪಲಿ ಸದ್ದು ಕೇಳಿದಾಗ ಮಾತ್ರವೋ? ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ದಣಿದಿದ್ದಾರೆ, ಅಮ್ಮ ಅಪ್ಪನಿಂದ ದಣಿದಿದ್ದಾಳೆ, ನಾನು ಇಬ್ಬರಿಂದಲೂ. ಫೋನ್ ಮಾಡಿದಾಗಲೆಲ್ಲ ನಿನ್ನದು ಒಂದೇ ಪ್ರಶ್ನೆ, "ಗಾಡಿ ಎಲ್ಲಿಗ್ ಬಂತೋ?" ಮನೆಗೆ ಬಂದರೆ ನನ್ನ ಕಾರನ್ನು ನಾನೇ ಓಡಿಸಿಕೊಂಡು ಬರುತ್ತೇನೆ, ಇಲ್ಲವಾದರೆ ಇಲ್ಲೇ ಬಿದ್ದಿರುತ್ತೇನೆ ಎಂಬ ನಿನ್ನ ಶಪಥ ಈಗ ಇಡೀ ಬೀದಿಗೆ ಬಾಯಿಪಾಠ. ಫೋನಿನಲ್ಲಿ ನೀನು ಮಾತು ಮುಗಿಸಲು ಬಿಡುವುದಿಲ್ಲವಾದ್ದರಿಂದ ವರದಿಯನ್ನು ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ಇಂಜಿನ್ ಕಾದು ಬಾನೆಟ್ಟಿನಿಂದ ಹಬೆ ಎದ್ದದ್ದು ನಿನಗೆ ಗೊತ್ತು. ಮೆಕ್ಯಾನಿಕ್ ಬಂದ, ನೀನೇ ನಿಟ್ಟುಸಿರಣ್ಣ ಎಂದು ಹೆಸರಿಟ್ಟವನು. ಬಾನೆಟ್ ಎತ್ತಿ, ಹೆಸರಿಗೆ ತಕ್ಕಂತೆ ಉಸಿರು ಬಿಟ್ಟು, ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಅಂದ. ಹಾಗೆಂದರೇನು ಎಂದಳು ಅಮ್ಮ. ಇಂಜಿನ್ನಿನ ತಲೆಗೂ ಮುಂಡಕ್ಕೂ ನಡುವೆ ಇರುವ ತೆಳು ಹಾಳೆ, ನೀರು, ಎಣ್ಣೆ ಒಂದರೊಳಗೊಂದು ನುಗ್ಗದಂತೆ ತಡೆಯುತ್ತದೆ, ಎರಡೂ ಕಡೆಯ ಬಿಸಿ ಅದಕ್ಕೇ ತಗಲುತ್ತದೆ ಎಂದು ವಿವರಿಸಿದ. ಈ ಮನೆಯಲ್ಲಿ ಆ ಕೆಲಸ ನನ್ನದು ಎಂದು ಅಮ್ಮ ಒಳಗೆ ಹೋದಳು.

ಕಾರಿನ ಮಾಡೆಲ್ಲು, ವರ್ಷ ಹೇಳಿ ಬಿಡಿಭಾಗದ ಅಂಗಡಿಯಲ್ಲಿ ಗ್ಯಾಸ್ಕೆಟ್ ತರಿಸಿದೆ. ಬೋಲ್ಟಿನ ತೂತುಗಳು ಸರಿಯಾಗಿ ಕೂತವು, ನೀರಿನ ತೂತುಗಳು ಮಾತ್ರ ಪಕ್ಕದ ಮನೆಯ ಕಡೆ ಮುಖ ಮಾಡಿದ್ದವು. ವಾಪಸ್ಸು. ಇನ್ನೊಂದು ಕಂಪನಿಯದು ಬಂತು, ಅದೂ ಅದೇ ತಳಿ. ನೀರಿನ ಪಂಪು ಬಂತು, ಮೂತಿ ಉದ್ದವಾಗಿ ಫ್ಯಾನಿಗೆ ತಾಗಿತು. ಬೆಲ್ಟು ಬಂತು, ಸುತ್ತಿದರೆ ಅಪ್ಪನ ಹಳೆಯ ಪ್ಯಾಂಟಿನಂತೆ ಜೋತುಬಿತ್ತು. ನನ್ನನ್ನು ದೂರದಲ್ಲಿ ಕಂಡ ಕೂಡಲೇ ಅಂಗಡಿಯವನು ಊಟಕ್ಕೆ ಏಳತೊಡಗಿದ, ಬೆಳಗ್ಗೆ ಬಾಗಿಲು ತೆಗೆದ ಹೊತ್ತಿನಲ್ಲೂ. ಸ್ವಲ್ಪ ಉಜ್ಜಿದರೆ ಯಾವುದು ತಾನೇ ಕೂರುವುದಿಲ್ಲ ಎಂದು ಅಪ್ಪ ಅರ ಹಿಡಿದು ಬಂದರು. ನಿಟ್ಟುಸಿರಣ್ಣ ಅದನ್ನು ಇಸಿದುಕೊಂಡು, ಅದರ ಮೇಲೆಯೇ ಕೂತುಬಿಟ್ಟ. ಬಿಚ್ಚುವುದು, ಇಡುವುದು, ನೋಡುವುದು, ಮತ್ತೆ ಬಿಚ್ಚುವುದು. ಉಗುರಿನ ಸಂದಿಯ ಕಪ್ಪು ಈಗ ನನ್ನ ಮೈಬಣ್ಣಕ್ಕೇ ಸೇರಿಹೋಗಿದೆ.

ಕೊನೆಗೊಂದು ದಿನ ನಿಟ್ಟುಸಿರಣ್ಣ ಇಂಜಿನ್ನಿನ ಬದಿಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಲ್ಲಿ ಕೆತ್ತಿದ್ದ ನಂಬರನ್ನು ಓದಿ, ನೆಲದ ಮೇಲೆ ಕಾಲು ಚಾಚಿದ. "ಈ ಇಂಜಿನ್ ಈ ಗಾಡೀದೇ ಅಲ್ಲ ಕಣಪ್ಪ. ಯಾರೋ ಬೇರೆ ತಂದು ಕೂರ್ಸಿದಾರೆ."

ಅಪ್ಪ ನನ್ನನ್ನು ನೋಡಿದರು. ಲೋಕದ ಸಕಲ ಕಿತಾಪತಿಯೂ ನನ್ನದೇ ತಾನೇ. ನಾನಾಗ ಹುಟ್ಟಿಯೇ ಇರಲಿಲ್ಲ ಅಜ್ಜಾ. ಅಮ್ಮನಿಗೆ ಥಟ್ಟನೆ ನೆನಪಾಯಿತು: ಅವಳು ಈ ಮನೆಗೆ ಬಂದ ಹೊಸತರಲ್ಲಿ, ಸಣ್ಣ ಸರ್ವೀಸು ಎಂದು ಹೇಳಿ ನೀನು ಕಾರನ್ನು ಇಡೀ ಬೇಸಿಗೆ ಗ್ಯಾರೇಜಿನಲ್ಲಿ ಬಿಟ್ಟಿದ್ದೆಯಂತೆ. ಬಂದ ಮೇಲೆ ಅದು ಏರಿನಲ್ಲಿ ಗುಟುರು ಹಾಕುತ್ತಿತ್ತಂತೆ, ಒಳ್ಳೆ ಪೆಟ್ರೋಲು ಸಿಕ್ಕಿದೆ ಎಂದೆಯಂತೆ. ಹೃದಯವನ್ನೇ ಬದಲಿಸಿ ಬಂದು ನೆಗಡಿಯಾಗಿತ್ತು ಅಂದವನು ನೀನು. ನನಗೆ ಗುರು ಯಾರು ಎಂದು ಇನ್ನು ಮುಂದೆ ಯಾರೂ ಕೇಳಬಾರದು.

ಆಮೇಲೆ ಇಂಜಿನ್ ನಂಬರು ಹಿಡಿದು ಎಲ್ಲವನ್ನೂ ಮತ್ತೆ ತರಿಸಿದೆವು. ಗ್ಯಾಸ್ಕೆಟ್ ಕೂತಿತು, ಪಂಪೂ ಬೆಲ್ಟೂ ಕೂತವು. ಉಳಿದಿರುವುದು ರೇಡಿಯೇಟರಿಗೆ ಹೋಗುವ ಒಂದು ರಬ್ಬರ್ ಪೈಪು. ಹಳೆಯದು ಮುಟ್ಟಿದರೆ ಪುಡಿಯಾಗುತ್ತಿದೆ. ಕಾರು ಒಂದು ಮನೆತನದ್ದು, ಇಂಜಿನ್ ಇನ್ನೊಂದರದು, ಇಬ್ಬರಿಗೂ ಒಪ್ಪುವ ಪೈಪು ಯಾವ ಅಂಗಡಿಯಲ್ಲೂ ಇಲ್ಲ. ಬಂದದ್ದೆಲ್ಲ ಒಂದು ಬೆರಳು ಗಿಡ್ಡ. ಯಾವಾಗ ಸಿಕ್ಕೀತು ಎಂದು ಹೇಳಲಾಗದು. ನೀನು ಅವಸರ ಮಾಡಬೇಡ. ಅತ್ತೆಯ ಕಾರಿನಲ್ಲಿ ಹಿಂದೆ ಕೂತು ಬಂದರೂ ನಿನ್ನ ಘನತೆಗೆ ಕುಂದಿಲ್ಲ ಎಂಬುದು ಅಪ್ಪನ ಅಭಿಪ್ರಾಯ.

ಅಪ್ಪ, ಅಮ್ಮ ನಮಸ್ಕಾರ ತಿಳಿಸಿದ್ದಾರೆ. ಅತ್ತೆಗೆ ನನ್ನ ನೆನಪು ಹೇಳು, ಬೈದರೆ ಹೇಳಬೇಡ.

ಗ್ರೀಸ್‌ಲೇಪಿತನಾದ,
ನಿನ್ನ ಮೊಮ್ಮಗ

ತಾ.ಕ.: ಮೇಲಿನದನ್ನು ಅಪ್ಪ ಓದಿ ಸರಿ ಅಂದರು. ಇದು ಅವರು ಓದದ್ದು, ಲಕೋಟೆಗೆ ಅಂಟು ಹಚ್ಚುವ ಮೊದಲು ಬರೆಯುತ್ತಿದ್ದೇನೆ. ಪೈಪು ಈಗ ಗಿಡ್ಡವಿಲ್ಲ ಅಜ್ಜಾ. ನಿಟ್ಟುಸಿರಣ್ಣ ಎರಡು ತುಂಡು ಜೋಡಿಸಿ ಕ್ಲಿಪ್ಪು ಬಿಗಿದ, ಗುರುವಾರವೇ ಕಾರು ಸ್ಟಾರ್ಟ್ ಆಯಿತು. ನಿನ್ನ ಆ ಕಾಲಿಗೆ ಬ್ರೇಕನ್ನು ಎಷ್ಟು ಒತ್ತಿದೆ ಎಂಬುದು ಇನ್ನು ತಿಳಿಯುವುದಿಲ್ಲ, ಓಡಿಸುವ ಹಾಗೇ ಇಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದಾರೆ. ನಿನಗೆ ಹೇಳುವ ಧೈರ್ಯ ಇಲ್ಲಿ ಯಾರಿಗೂ ಬರಲಿಲ್ಲ, ನೆಪವನ್ನು ಪೈಪಿನ ಮೇಲೆ ಹಾಕಿದೆವು. ಪೈಪಿನ ಉಪಾಯ ನನ್ನದೇ. ಯಾಕೋ ಈ ಸಲ ಮಜಾ ಬರಲಿಲ್ಲ. ಶನಿವಾರ ಅದೇ ಕಾರಿನಲ್ಲಿ ನಿನ್ನನ್ನು ಕರೆತರಲು ಬರುತ್ತೇನೆ. ಕೀಲಿ ಕೇಳಬೇಡ, ಕೊಡುವುದಿಲ್ಲ. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ನನ್ನನ್ನು ಬೈದುಕೋ.