ಕಿವಿಯೊಳಗಿನ ಸುತ್ತಿಗೆ

ಜನವರಿ ಹದಿನಾಲ್ಕು, ಮಂಗಳವಾರ

ಬಡಗಿಯ ಸುತ್ತಿಗೆ ಗೊತ್ತು, ಹರಾಜು ಕೂಗುವವನದೂ ಗೊತ್ತು. ಕಿವಿಯೊಳಗೂ ಒಂದಿದೆ ಎಂದು ಇವತ್ತೇ ತಿಳಿದದ್ದು. ಡಾಕ್ಟರು ಗೋಡೆಯ ಮೇಲಿನ ಚಿತ್ರ ತೋರಿಸಿ, ನನಗೆ ಕೇಳಲೆಂದು ಕಿರುಚಿದರು: "ಈ ಪುಟ್ಟ ಮೂಳೆಗೆ ಸುತ್ತಿಗೆ ಅಂತಾರೆ. ನಿಮ್ದು ಎರಡು ಕಡೆನೂ ಬಿಗಿದುಕೊಂಡಿದೆ. ಆಪರೇಷನ್ ಮಾಡಿದ್ರೂ ಮೊದಲಿನ ಹಾಗೆ ಕೇಳಲ್ಲ."

ಇಪ್ಪತ್ತಾರು ವರ್ಷ ರೈಲಿನ ಚಕ್ರಗಳಿಗೆ ಸುತ್ತಿಗೆ ಬಡಿದು ಸದ್ದು ಕೇಳಿದವನು ನಾನು. ಒಳ್ಳೆಯ ಚಕ್ರ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ದಬ್ ಎನ್ನುತ್ತದೆ. ಒಂದು ವರ್ಷದಿಂದ ನನಗೆ ಎರಡೂ ಒಂದೇ. ಸುತ್ತಿಗೆಯ ಹಿಡಿ ಅಂಗೈಯಲ್ಲಿ ನಡುಗುವ ಬಗೆ ನೋಡಿಕೊಂಡು, ಯಾರಿಗೂ ಹೇಳದೆ ದಿನ ತಳ್ಳುತ್ತಿದ್ದೆ. ನಿನ್ನೆ ಚಳಿ ತಡೆಯಲಾರದೆ ಉಣ್ಣೆಯ ಕೈಗವಸು ಹಾಕಿಕೊಂಡೆ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ. ಹಿಡಿಯ ನಡುಕ ತಿಳಿಯದೆ ಏಳನೇ ಬೋಗಿಯ ಚಕ್ರಕ್ಕೆ ಸರಿಯಿದೆ ಎಂದು ಸೀಮೆಸುಣ್ಣದ ಗೀಟು ಎಳೆದುಬಿಟ್ಟೆ.

ಜೊತೆ ಕೆಲಸಗಾರ ತೋಳು ಹಿಡಿದು ನಿಲ್ಲಿಸಿದ. "ಅಣ್ಣಾ, ಇದು ಒಡೆದಿದೆ. ನಿಂಗೆ ಕೇಳಿಸ್ಲಿಲ್ವಾ?"

ಅವನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವಂತೆ. ಆ ಮಾತೇ ಚುಚ್ಚುತ್ತಿದೆ.

"ಡಾಕ್ಟ್ರು ಏನಂದ್ರು?" ಎಂದಳು ಹೆಂಡತಿ. ತುಟಿ ನೋಡಿ ತಿಳಿದುಕೊಂಡೆ. ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಂತೆ ಎಂದೆ.

ನಾಳೆ ಸುತ್ತಿಗೆಯನ್ನು ಮೇಸ್ತ್ರಿಗೆ ಒಪ್ಪಿಸುತ್ತೇನೆ. ಕಾರಣವನ್ನೂ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ನಿನ್ನೆಯದನ್ನು ಅವನು ಹಿಡಿದ. ಅದಕ್ಕೂ ಮೊದಲು ವರ್ಷವಿಡೀ ನಾನು ಗೀಟು ಎಳೆದು ಕಳಿಸಿದ ಚಕ್ರಗಳು ಈಗಲೂ ಎಲ್ಲೋ ಓಡುತ್ತಿವೆ. ಅವುಗಳ ಮೇಲೆ ಜನ ಮಲಗಿ ಸಾಗುತ್ತಿದ್ದಾರೆ.