ಎದುರು ವಾಲಿದ ಹೊಲಿಗೆ

ಮಾರ್ಚ್ 3
ಎರಡು ಪ್ಯಾಂಟ್ ಆಲ್ಟರೇಷನ್, ಒಂದು ಜಿಪ್. ಮುಂದಿನದಕ್ಕೆ ಕೈ ಹಾಕುವಷ್ಟರಲ್ಲಿ ದೊಡ್ಡಪ್ಪ. ಅಪ್ಪ ಹೋದ ಮೇಲೆ ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಇವತ್ತೇ. ಕೈಯಲ್ಲಿ ಹಳೇ ಉಣ್ಣೆ ಕೋಟು. ತೋಳಿಗೆ ನುಸಿ ಹಿಡಿದಿದೆ, ಲೈನಿಂಗ್ ಚಿಂದಿ.

"ನಾನು ಹೊಲಿದ ಮೊದಲ್ನೇ ಕೋಟು ಕಣಮ್ಮಾ. ಗಿರಾಕಿ ಮೊಮ್ಮಗ ಅಟ್ಟದಲ್ಲಿ ಸಿಕ್ತು ಅಂತ ತಂದ್ಕೊಟ್ಟ. ದರ್ಜಿಗಳ ಸಂಘದವ್ರು ನಂಗೆ ಸನ್ಮಾನ ಮಾಡ್ತಾರೆ, ಸ್ಟೇಜ್ ಮೇಲೆ ಇಡ್ಬೇಕು. ಒಂದು ಕಡೆ ಲೈನಿಂಗ್ ಹಾಕ್ಬೇಡ. ಒಳಗೆಲ್ಸ ಎಲ್ಲರಿಗೂ ಕಾಣ್ಲಿ."

"ನಿಮ್ಮ ಅಂಗಡೀಲೇ ಮಾಡ್ಬಹುದಲ್ಲಾ ದೊಡ್ಡಪ್ಪ?"

"ಅಲ್ಲಿ ಎಲ್ಲಾ ಮಷೀನ್ ಹುಡುಗ್ರು. ನಂಗೆ ಪುರುಸೊತ್ತೆಲ್ಲಿ?"

ಅಪ್ಪನನ್ನು "ಎಡಚ, ನಿನ್ನ ಕೈಗೆ ಸೂಜಿ ಒಗ್ಗಲ್ಲ" ಎಂದು ಊರೆಲ್ಲ ಸಾರಿ, ಇಸ್ತ್ರಿ ಮೇಜಿಗೆ ತಳ್ಳಿ, ಕೊನೆಗೆ ಅಂಗಡಿಯಿಂದಲೇ ಓಡಿಸಿದ ಬಾಯಿ ಇದೇ. ಕೋಟು ಇಟ್ಟುಕೊಂಡೆ.

ಮಾರ್ಚ್ 5
ಲೈನಿಂಗ್ ಬಿಚ್ಚಿದೆ. ಎದೆ ಬಿಗಿಯಾಗಿ ನಿಲ್ಲಲು ಒಳಗೆ ಕೊಟ್ಟ ಗಟ್ಟಿ ಕ್ಯಾನ್ವಾಸ್, ಅದರ ಮೇಲೆ ಸಾಲುಸಾಲು ಓರೆ ಹೊಲಿಗೆ. ಮೇಲಿನಿಂದ ಕೆಳಕ್ಕೆ ಹಾಕುವುದು ನಮ್ಮ ಮನೆ ಪದ್ಧತಿ. ಬಲಗೈಯಲ್ಲಿ ನಾನು ಹಾಕಿದರೆ ಒಂದು ಕಡೆಗೆ ವಾಲುತ್ತದೆ, ದೊಡ್ಡಪ್ಪ ಹಾಕಿದರೂ ಹಾಗೇ. ಇವು ಎದುರು ಕಡೆಗೆ ವಾಲಿವೆ. ಎಲ್ಲವೂ.

ಅಪ್ಪ ಹೊಲಿದುಕೊಟ್ಟ ನನ್ನ ಶಾಲೆ ಕೋಟನ್ನು ಬಿಚ್ಚಿ ಪಕ್ಕ ಇಟ್ಟೆ. ಒಂದೇ ಕೈ... ಎಡಗೈ. ದೊಡ್ಡಪ್ಪ ಒಳಗೆ ಇಣುಕಿಯೂ ನೋಡದೆ ತನ್ನದೆಂದಿದ್ದಾರೆ.

ಮೈಯೆಲ್ಲ ಉರಿಯಿತು. ನೀರು ಕುಡಿದೆ. ಮತ್ತೆ ಉರಿಯಿತು.

ಮಾರ್ಚ್ 6
ಸುಟ್ಟುಬಿಡಲೇ?

ಬೇಡ. ಅಪ್ಪನ ಕೆಲಸ ಸುಟ್ಟರೆ ದೊಡ್ಡಪ್ಪನಿಗೇ ಲಾಭ. ಚೆನ್ನಾಗಿ ಮಾಡಿಕೊಡುತ್ತೇನೆ, ಕಣ್ಣು ಕುಕ್ಕುವಂತೆ.

ಮಾರ್ಚ್ 14
ಒಳಅಂಚಿನಿಂದಲೇ ಎಳೆ ತೆಗೆದು ತೋಳಿಗೆ ರಫೂ ಮಾಡಿದೆ. ತೂತು ಎಲ್ಲಿತ್ತೆಂದು ನನಗೇ ತಿಳಿಯದು. ಎದೆಯ ಕೊನೇ ಸಾಲು ಮಾತ್ರ ನುಸಿ ತಿಂದು ಹೋಗಿದೆ. ಅದನ್ನು ಹಾಗೇ ಬಿಟ್ಟು, ದಾರ ಪೋಣಿಸಿದ ಸೂಜಿಯನ್ನು ಅಲ್ಲೇ ಚುಚ್ಚಿಟ್ಟೆ.

ಸಂಘದ ಅಧ್ಯಕ್ಷರಿಗೆ ಫೋನ್. ಎಲ್ಲರ ಬಾಯಲ್ಲೂ ಅವರು ಕತ್ತರಿ ತಾತ.

"ತಾತ, ಕೊನೇ ಸಾಲು ದೊಡ್ಡಪ್ಪನ ಕೈಲೇ ಹಾಕ್ಸಿ. ಸ್ಟೇಜ್ ಮೇಲೆ, ಎಲ್ಲರೆದುರಿಗೆ."

"ಭಲೇ! ದೊಡ್ಡಪ್ಪ ಅಂದ್ರೆ ಅಷ್ಟು ಪ್ರೀತೀನೇನೇ?"

"ಪ್ರಾಣ, ತಾತ."

ಮಾರ್ಚ್ 20, ಸಂಜೆ
ಸನ್ಮಾನ ಮುಗಿಸಿ ಈಗಷ್ಟೇ ಬಂದೆ.

ಭಾಷಣ, ಹೊಗಳಿಕೆ, ಚಪ್ಪಾಳೆ. ದೊಡ್ಡಪ್ಪ ಕನ್ನಡಕ ಏರಿಸಿ ಸೂಜಿ ಹಿಡಿದರು. ಎರಡು ಹೊಲಿಗೆ ಹಾಕಿದರು, ಎರಡೂ ಉಳಿದ ಸಾಲುಗಳಿಗೆ ಎದುರಾಗಿ ವಾಲಿದವು. ಕೋಟು ತಿರುಗಿಸಿದರು. ಮತ್ತೆ ತಿರುಗಿಸಿದರು. ಮುಂದೆ ಕೂತವರೆಲ್ಲ ದರ್ಜಿಗಳೇ, ಒಬ್ಬೊಬ್ಬರಾಗಿ ಕತ್ತು ಚಾಚಿದರು. ಆಮೇಲೆ ಆ ಮನುಷ್ಯ — ಸೂಜಿಯನ್ನು ಎಡಗೈಗೆ ದಾಟಿಸಿಕೊಂಡರು! ಬೆರಳಿಗೆ ಚುಚ್ಚಿಕೊಂಡರು.

ತಾತ ಬಗ್ಗಿ ನೋಡಿದರು. ಮೈಕ್ ಆನ್ ಇತ್ತು.

"ಇದು ನಿನ್ನ ತಮ್ಮನ ಕೈ ಅಲ್ವೇನಯ್ಯಾ? ಅವನಿಗೆ ಸೂಜಿ ಒಗ್ಗಲ್ಲ ಅಂದಿದ್ಯಲ್ಲೋ?"

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಚಪ್ಪಾಳೆ ತಟ್ಟಿದೆ, ಒಬ್ಬಳೇ. ಹೊಟ್ಟೆ ತಣ್ಣಗಾಯಿತು.

ಮಾರ್ಚ್ 28
ದೊಡ್ಡಪ್ಪನ ಫೋನ್. "ಮನೆ ಮಾನ ಬೀದಿಗೆ ತಂದ್ಯಲ್ಲೇ!"

"ಲೈನಿಂಗ್ ಹಾಕ್ಬೇಡ ಅಂದೋರು ನೀವೇ ಅಲ್ವಾ?"

ಇಟ್ಟುಬಿಟ್ಟರು.

ಕೋಟು ಈಗ ನನ್ನ ಮೇಜಿನ ಮೇಲಿದೆ. ಆ ಗಿರಾಕಿಯ ಮೊಮ್ಮಗ "ನಿಮ್ಮಲ್ಲೇ ಇರ್ಲಿ" ಎಂದು ಕಳಿಸಿದ್ದಾನೆ. ದೊಡ್ಡಪ್ಪನ ಎರಡು ಹೊಲಿಗೆ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ರಕ್ತದ ಕಲೆ ತಣ್ಣೀರಿಗೆ ಹೋಯಿತು. ಕೊನೇ ಸಾಲು ಬಾಕಿ. ಇಷ್ಟು ದಿನ ಚಿಂದಿ ಬಟ್ಟೆ ಮೇಲೆ ಎಡಗೈ ಪಳಗಿಸಿದ್ದೇನೆ, ನೆಟ್ಟಗೆ ಬರುತ್ತಿಲ್ಲ. ಅಪ್ಪ ಇದ್ದಿದ್ದರೆ ನಕ್ಕಿರುತ್ತಿದ್ದ. ಅಪ್ಪ ಇರಬೇಕಿತ್ತು.

ಒಂದೊಂದು ಹೊಲಿಗೆ ಹಾಕಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದು ಸೊಟ್ಟ. ಎರಡನೆಯದೂ ಸೊಟ್ಟ, ಆದರೆ ಅಪ್ಪನ ಕಡೆಗೇ ವಾಲಿದೆ. ಮೂರನೆಯದು —